ಸೋರದ ಗಾಳಿಯ ಕಾವಲುಗಾರ

ನನ್ನ ಹೆಂಡತಿಯ ತಮ್ಮನಷ್ಟು ಶ್ರದ್ಧೆಯಿಂದ ಏನೂ ಮಾಡದೆ ಇರುವ ಮನುಷ್ಯ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಹೊರದೇಶದಲ್ಲಿ ಕಾರ್ಖಾನೆಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲದಾಳದ ಬಂಡೆಯೊಳಗೆ ತುಂಬಿಸಿಡುತ್ತಾರಂತೆ. ಅದು ಸೋರುತ್ತದೋ ಎಂದು ಮೇಲೆ ನಿಂತು ನೋಡುವುದು ಇವನ ಉದ್ಯೋಗ.

“ಇಷ್ಟರವರೆಗೆ ಸೋರಿದ್ದುಂಟಾ?”

“ಇಲ್ಲ ಭಾವ.”

“ಮತ್ತೆ ನೀನು ಎಂತ ಮಾಡುದು?”

“ಸೋರಲಿಲ್ಲ ಅಂತ ಬರೆಯುದು.”

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬಾವಿ ತೋಡಲು ಇಳಿದವನು. ನಾನು ತೋಡಿದಲ್ಲಿ ನೀರಾದರೂ ಕಾಣುತ್ತದೆ. ಇವನು ಓದಿ ಓದಿ ಕಂಡದ್ದೇನು? ರಜೆಯಲ್ಲಿ ಬಂದಾಗಲೂ ಜೇಬಿನಲ್ಲಿ ಅದೇ ಗಾಳಿ ಅಳೆಯುವ ಮೀಟರ್, ಕೈಯಲ್ಲಿ ಪುಸ್ತಕ. ‘ಅಡುಗೆಮನೆ, ಏನೂ ಇಲ್ಲ. ದನದ ಹಟ್ಟಿ, ಏನೂ ಇಲ್ಲ’ ಎಂದು ಬರೆದುಕೊಳ್ಳುತ್ತಾನೆ. ಪುತ್ತೂರಿನಲ್ಲಿ ಸೋಡಾ ಬಾಟಲಿಯ ಬಾಯಿಗೆ ಮೀಟರ್ ಹಿಡಿದ. ಕೀಂಯ್ ಎಂದು ಬೊಬ್ಬೆ!

“ಎಂತ ಮಾರಾಯ್ರೆ, ಕುಡಿಲಿಕ್ಕೆ ಬಂದದ್ದಾ, ಜ್ವರ ನೋಡ್ಲಿಕ್ಕೆ ಬಂದದ್ದಾ?” ಎಂದ ಅಂಗಡಿಯವ. ನಾನು ಪರಿಚಯವೇ ಇಲ್ಲದವನಂತೆ ಬಸ್ಸು ನೋಡುತ್ತಾ ನಿಂತೆ.

ಮೊನ್ನೆ ಆಲಂಕಾರಿನಲ್ಲಿ, ವರ್ಷಗಟ್ಟಲೆ ಹಲಗೆ ಮುಚ್ಚಿಟ್ಟಿದ್ದ ಬಾವಿಯೊಂದರ ಕೆಸರು ತೆಗೆಯುವುದಿತ್ತು. ನೋಡಲೆಂದು ಇವನೂ ಬಂದ. ನಾನು ಹಗ್ಗ ಹಿಡಿದು ಕಟ್ಟೆಗೆ ಕಾಲಿಟ್ಟದ್ದೇ ತಡ, ಅಡ್ಡ ನಿಂತ.

“ಮೊದಲು ಮೀಟರ್ ಇಳಿಸ್ತೇನೆ ಭಾವ.”

“ನನಗೆ ಮೂಗು ಉಂಟು ಮಾರಾಯ.”

“ಇಂಗಾಲದ ಡೈಆಕ್ಸೈಡಿಗೆ ವಾಸನೆ ಇಲ್ಲ. ಭಾರದ ಗಾಳಿ, ಅಡಿಯಲ್ಲಿ ಕೂತಿರ್ತದೆ, ಇಳಿದವರ ಉಸಿರು ಕಟ್ಟಿಸ್ತದೆ.”

ಹಗ್ಗಕ್ಕೆ ಕಟ್ಟಿ ಇಳಿಸಿದ. ಅರ್ಧದಲ್ಲೇ ಅದು ಬೊಬ್ಬೆ ಹೊಡೆಯಿತು. ಸೋಡಾಕ್ಕೂ ಕೂಗುವ ಜಾತಿ, ಅದನ್ನು ಯಾರು ನಂಬುತ್ತಾರೆ? ದೀಪ ಇಳಿಸಿ ನೋಡುತ್ತೇನೆ ಎಂದೆ. ನನ್ನಪ್ಪ ಪ್ರತಿ ಬಾವಿಗೂ ಹಾಗೆ ಇಳಿಸುತ್ತಿದ್ದರು, ದೀಪ ಆರಿದರೆ ತಾವು ಇಳಿಯುತ್ತಿರಲಿಲ್ಲ. ಪುರುಸೊತ್ತಿಲ್ಲವೆಂದು ಬಿಟ್ಟವನು ನಾನೇ. ದೀಪ ಅರ್ಧದವರೆಗೆ ನೆಟ್ಟಗೆ ಉರಿದು, ಯಾರೋ ಊದಿದಂತೆ ಆರಿತು. ಮತ್ತೊಮ್ಮೆ ಹಚ್ಚಿ ಇಳಿಸಿದೆ. ಅಲ್ಲಿಯೇ ಆರಿತು.

ಅವನು ಮೀಟರನ್ನು ಒರೆಸಿ ಜೇಬಿಗೆ ಹಾಕಿಕೊಂಡ. ‘ನಾನು ಹೇಳಿದೆನಲ್ಲ’ ಎಂದಿದ್ದರೆ ಬೈಯಬಹುದಿತ್ತು. ಮರುದಿನ ಗಾಳಿ ಊದುವ ಯಂತ್ರ ತಂದು, ಮೀಟರ್ ಸುಮ್ಮನಾದ ಮೇಲೆಯೇ ನನ್ನನ್ನು ಇಳಿಯಲು ಬಿಟ್ಟ. ಕೆಸರು ತೆಗೆಯುವಷ್ಟು ಹೊತ್ತೂ ಮೇಲಿನಿಂದ “ಭಾವ... ಭಾವ...” ಎಂದು ಕರೆಯುತ್ತಲೇ ಇದ್ದ.

“ಸತ್ತಿಲ್ಲ ಮಾರಾಯ, ಬೊಬ್ಬೆ ಹೊಡಿಬೇಡ” ಎಂದೆ.

ಸಂಜೆ ಅವನು ಸ್ನಾನಕ್ಕೆ ಹೋದಾಗ, ಜಗಲಿಯಲ್ಲಿದ್ದ ಆ ಪುಸ್ತಕವನ್ನು ತೆರೆದೆ. ದಿನದ ಕೊನೆಯ ಸಾಲು: ‘ಆಲಂಕಾರು ಬಾವಿ. ಭಾವ ಮೇಲೆ ಬಂದರು. ಏನೂ ಆಗಲಿಲ್ಲ.’