ಸ್ಲೋದಲ್ಲಿ ಬಂದ್ ಬೀಳುವ ಗಾಡಿ

ಸತ್ಯಮೂರ್ತಿಯವರು ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ಮುಂಬಯಿಯ ಗೋರೆಗಾಂವ್‌ನ ಗ್ಯಾರೇಜಿಗೆ ಫೋನು ಮಾಡಿ ಹೇಳಿದವರು ಅವರ ಹೆಂಡತಿ ವಿಮಲಮ್ಮ. ಮೆಕ್ಯಾನಿಕ್ ಕರೀಮಸಾಬರು ಅರ್ಧ ಎತ್ತಿದ್ದ ಷಟರನ್ನು ಮತ್ತೆ ಇಳಿಸಿ, ಅದರ ಮುಂದೆ ಒಂದು ಹಳೇ ಟಯರಿನ ಮೇಲೆ ಕುಳಿತುಬಿಟ್ಟರು. ಹಿಂದಿನ ದಿನ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಇದೇ ಜಾಗದಲ್ಲಿ ಇಬ್ಬರೂ ಬಾನೆಟ್ ಎತ್ತಿದ ಗಾಡಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು. ಜಗಳ ಆಗಲೇ ಅರ್ಧ ದಾರಿಗೆ ಬಂದಿತ್ತು.

ಕರೀಮಸಾಬ: ನಿಲ್ಲಂಗಿಲ್ಲ ಅಂದ್ರ ನಿಲ್ಲಂಗಿಲ್ರೀ ಸಾಹೇಬ್ರ.

ಸತ್ಯಮೂರ್ತಿ: ನಿಲ್ಲುತ್ತೆ ಕಣ್ರೀ. ಗಾಡಿ ಓಡಿಸೋನು ನಾನೋ ನೀವೋ?

ಕರೀಮಸಾಬ: ನೀವ ಓಡಸ್ತೀರಿ. ಅದಕ್ಕ ನಿಲ್ಲತದ.

ಸಂಗತಿ ಇಷ್ಟೆ. ಸಿಗ್ನಲ್ಲಿನಲ್ಲಿ ಕಾಲು ತೆಗೆದಾಗಲೂ ಇಂಜಿನ್ನು ತನ್ನಷ್ಟಕ್ಕೆ ಮೆಲ್ಲಗೆ ಓಡುತ್ತಿರಬೇಕು. ಗ್ಯಾರೇಜಿನವರು ಅದಕ್ಕೆ ‘ಸ್ಲೋ’ ಅನ್ನುತ್ತಾರೆ. ಮೂರ್ತಿಯವರ ಹಳೇ ಸಣ್ಣ ಕಾರು ಸ್ಲೋದಲ್ಲಿ ಬಂದ್ ಬೀಳುತ್ತಿತ್ತು. ಶನಿವಾರ ಸಾಂತಾಕ್ರೂಜ್ ಸಿಗ್ನಲ್ಲಿನಲ್ಲಿ ಬಿದ್ದಾಗ ಹಿಂದೆ ಬಸ್ಸು, ಪಕ್ಕದಲ್ಲಿ ರಿಕ್ಷಾ, ಒಳಗೆ ವಿಮಲಮ್ಮ. ಬಸ್ಸಿನವನು ಮರಾಠಿಯಲ್ಲಿ ಬೈದ, ರಿಕ್ಷಾದವನು ಹಿಂದಿಯಲ್ಲಿ, ವಿಮಲಮ್ಮ ಕನ್ನಡದಲ್ಲಿ. ಹೆಚ್ಚು ಹೊತ್ತು ಬೈದದ್ದು ಕನ್ನಡದಲ್ಲೇ. ಮಗಳು ಧಾತ್ರಿಗೆ ಸುದ್ದಿ ಮುಟ್ಟಿತು. ಸೋಮವಾರ ಸಂಜೆ ನಾನೇ ಪಕ್ಕದಲ್ಲಿ ಕೂತು ಬಾಂದ್ರಾವರೆಗೆ ಬರುತ್ತೇನೆ, ಒಂದೇ ಒಂದು ಸಲ ನಿಂತರೂ ಕೀಲಿ ನನ್ನ ಕೈಗೆ, ಗಾಡಿ ಗುಜರಿಗೆ ಎಂದು ಅವಳು ತೀರ್ಪು ಕೊಟ್ಟಿದ್ದಳು.

ಕರೀಮಸಾಬರು ಮೂರು ವಾರದಲ್ಲಿ ಕಾರ್ಬುರೇಟರ್ ತೊಳೆದಿದ್ದರು, ಪ್ಲಗ್ಗು ಬದಲಿಸಿದ್ದರು, ಸ್ಲೋ ಸ್ಕ್ರೂ ಎರಡು ಸಲ ತಿರುವಿ ಏರಿಸಿದ್ದರು. ಅವರ ರೋಗಪರೀಕ್ಷೆಗೆ ಒಂದೇ ಉಪಕರಣ, ಮೊಳದುದ್ದದ ಸ್ಕ್ರೂಡ್ರೈವರು. ಅದರ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ನಾಡಿ ಹಿಡಿದ ಪಂಡಿತರಂತೆ ಕಣ್ಣು ಮುಚ್ಚುತ್ತಿದ್ದರು. ಮೂರ್ತಿಯವರು ಓದಿಕೊಂಡವರು. ಕಾಗದವಿಲ್ಲದೆ ಅವರಿಗೆ ಸೀನೂ ಬರುತ್ತಿರಲಿಲ್ಲ. ಇಂಟರ್‌ನೆಟ್ಟಿನಿಂದ ತೆಗೆಸಿದ ಎರಡು ಹಾಳೆ ಹಿಡಿದೇ ಬಂದಿದ್ದರು.

ಸತ್ಯಮೂರ್ತಿ: ಹನ್ನೊಂದು ಕಾರಣ ಕೊಟ್ಟಿದಾರೆ. ಏಳನೇದು ಓದ್ತೀನಿ, ಕೇಳಿ. ಎಲ್ಲೋ ಪೈಪು ಒಡೆದು ಗಾಳಿ ಎಳೀತಾ ಇರಬಹುದು.

ಕರೀಮಸಾಬ: ಗಾಳಿ ಎಳದ್ರ ಸುಂಯ್ ಅಂತದ್ರಿ. ನನ್ನ ಕಿವಿಗಿ ಬೀಳದ ಸಪ್ಪಳ ಈ ಗಾಡ್ಯಾಗ ಹುಟ್ಟೇ ಇಲ್ಲ.

ಸತ್ಯಮೂರ್ತಿ: ನಿಮ್ಮ ಕಿವಿ ಏನು ಸರ್ಕಾರಿ ಗೆಜೆಟ್ಟಾ?

ಕರೀಮಸಾಬ: ಕಾಗದ ಬರದಾಂವ ನಿಮ್ಮ ಗಾಡೀ ಮಾರೀನರ ನೋಡ್ಯಾನೇನು? ಕೂಡ್ರಿ ಒಳಗ. ಚಾಲೂ ಮಾಡ್ರಿ.

ಮೂರ್ತಿಯವರು ಕೂತು ಚಾಲೂ ಮಾಡಿದರು. ತಣ್ಣಗಿದ್ದ ಇಂಜಿನ್ನು ಒಂದೆರಡು ಸಲ ಕೆಮ್ಮಿ, ಆಮೇಲೆ ಮಲಗಿದ ಕೂಸಿನ ಉಸಿರಿನಂತೆ ನುಣ್ಣಗೆ ಓಡತೊಡಗಿತು. ಕರೀಮಸಾಬರು ಮೀಸೆಯೊಳಗೇ ನಕ್ಕರು. ಅಷ್ಟರಲ್ಲಿ ಮೂರ್ತಿಯವರು ಗೆದ್ದ ಮುಖ ಹೊರಗೆ ಹಾಕಿ, ನೋಡಿದಿರಾ, ನಿಂತೇ ಹೋಯಿತು ಎಂದು ಕೀಲಿ ಮತ್ತೆ ತಿರುವಿದರು. ಹಲ್ಲಿಗೆ ಹಲ್ಲು ಕಡಿದ ಕರ್ರ್ ಸಪ್ಪಳಕ್ಕೆ ಎದುರಿನ ವಡಾಪಾವ್‌ನವನೂ ತಿರುಗಿ ನೋಡಿದ.

ಕರೀಮಸಾಬರಿಗೆ ಮೂರು ವಾರದ ಕಥೆ ಒಮ್ಮೆಗೇ ಅರ್ಥವಾಯಿತು. ಒಂದು ಗಳಿಗೆ ಸುಮ್ಮನಿರಬಹುದಿತ್ತು. ಇರಲಿಲ್ಲ.

ಕರೀಮಸಾಬ: ಓಡೂ ಇಂಜಿನ್ನಿಗಿ ಸೆಲ್ಫ್ ಹೊಡದ್ರಲ್ರಿ.

ಸತ್ಯಮೂರ್ತಿ: ನಿಂತಿತ್ತು.

ಕರೀಮಸಾಬ: ಇಂಜಿನ್ ನಿಂತಿಲ್ಲ, ನಿಮ್ಮ ಕಿವಿ ನಿಂತಾವ. ಮೂರು ವಾರ ನಂಗ ಹುಚ್ಚ ಮಾಡೀರಿ. ಗುಜರಿಗಿ ಹಾಕೂದು ಗಾಡೀನಲ್ಲ ಬಿಡ್ರಿ.

ಮೂರ್ತಿಯವರು ಸ್ಟಿಯರಿಂಗ್ ಹಿಡಿದೇ ಕೂತರು. ಧಾತ್ರಿಗೆ ಹೇಳ್ತೀರಾ ಎಂದು ಕೇಳಿದರು. ಅವಳಿಗೆ ತಿಳಿದರೆ ಈ ಗಾಡಿಯಲ್ಲ, ಯಾವ ಗಾಡಿಯ ಕೀಲಿಯೂ ತನ್ನ ಕೈಗೆ ಸಿಗುವುದಿಲ್ಲ ಎಂದರು. ತಾನಾಡಿದ್ದು ಹೆಚ್ಚಾಯಿತು ಅನ್ನಿಸಿ ಕರೀಮಸಾಬರು ಹೇಳುವುದಿಲ್ಲ ಎಂದು ತಲೆಯಾಡಿಸಿದರು. ಆಗ ಮೂರ್ತಿಯವರು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು. ಒಳಗೆ ಇದ್ದದ್ದು ಕಡಲೆಬೀಜದಷ್ಟೇ ಸಣ್ಣ ಕಿವಿಯ ಮಷೀನು. ನಾಲ್ಕು ತಿಂಗಳ ಹಿಂದೆ ಬಾಂದ್ರಾದಲ್ಲಿ ಯಾರಿಗೂ ಹೇಳದೆ ಕೊಂಡದ್ದು.

ಕರೀಮಸಾಬ: ಮತ್ತ ಹಾಕ್ಕೊಳ್ಳಾಕ ಏನ್ ಧಾಡಿ?

ಸತ್ಯಮೂರ್ತಿ: ಹಾಕ್ಕೊಂಡ್ರೆ ಮುದುಕ ಅಂತಾರೆ.

ಕರೀಮಸಾಬ: ಹಾಕ್ಕೊಳ್ಳದಿದ್ರ?

ಸತ್ಯಮೂರ್ತಿ: ಮೊಂಡ ಅಂತಾರೆ. ಅದು ಅಭ್ಯಾಸ ಇದೆ.

ಕೊನೆಗೆ ಸಿಟ್ಟಿನಲ್ಲೇ ಹಾಕಿಕೊಂಡರು. ಮೊದಲು ಕಾಗೆಗೆ ಬೆಚ್ಚಿದರು, ಆಮೇಲೆ ಲೋಕಲ್ ರೈಲಿನ ಹಾರ್ನಿಗೆ. ಆಮೇಲೆ ಗಾಡಿಯಿಂದಿಳಿದು ಬಾನೆಟ್ಟಿನ ಕೆಳಗೆ ತಲೆ ತೂರಿಸಿದರು. ಇಷ್ಟು ಹೊತ್ತಿಗೆ ಇಂಜಿನ್ನು ಕಾದು, ಅದರ ನುಣುಪು ಹೋಗಿ, ಜ್ವರ ಬಂದವರಂತೆ ನಡುಗತೊಡಗಿತ್ತು.

ಸತ್ಯಮೂರ್ತಿ: ಸುಂಯ್ ಅಂತಿದೆ.

ಕರೀಮಸಾಬ: ಏನೂ ಅನವಲ್ದು.

ಸತ್ಯಮೂರ್ತಿ: ಇಲ್ಲೇ ಕಣ್ರೀ, ಎಡಗಡೆ.

ಕರೀಮಸಾಬರು ಸ್ಕ್ರೂಡ್ರೈವರ್ ಊರಿ ಕಿವಿಗೊಟ್ಟರು. ಒಳಗಿನ ಢಕಢಕ ಬಿಟ್ಟು ಬೇರೇನೂ ಇರಲಿಲ್ಲ. ಸುಂಯ್ ಅನ್ನುವುದು ನಿಮ್ಮ ಹೊಸ ಮಷೀನೇ ಇರಬೇಕು, ವಾಪಸ್ ಕೊಡಿ ಎಂದರು. ಮೂರ್ತಿಯವರು ಬ್ರೇಕಿನ ಕಡೆ ಹೋಗುವ ಹೆಬ್ಬೆರಳು ದಪ್ಪದ ರಬ್ಬರ್ ಪೈಪನ್ನು ಒಂದು ಕಡೆ ಹಿಸುಕಿ ಹಿಡಿದರು. ನಡುಕ ತಟ್ಟನೆ ನಿಂತು ಇಂಜಿನ್ನು ನೆಟ್ಟಗಾಯಿತು. ಬಿಟ್ಟರು, ಮತ್ತೆ ನಡುಗಿತು. ಮತ್ತೆ ಹಿಸುಕಿದರು, ಬಿಟ್ಟರು. ಈ ಸಲ ನಿಜವಾಗಿಯೇ ಬಂದ್ ಬಿತ್ತು.

ಪೈಪಿನ ಮಡಿಕೆಯ ಅಡಿಯಲ್ಲಿ ಉಗುರಿನಷ್ಟುದ್ದ ಬಿರುಕು. ತಣ್ಣಗಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತಿತ್ತು, ಕಾದ ಮೇಲೆ ಬಾಯಿ ಬಿಡುತ್ತಿತ್ತು. ಮೂರ್ತಿಯವರು ಗೆದ್ದೆನೆಂದು ಕುಣಿಯಲಿಲ್ಲ. ಹಾಳೆಯ ಏಳನೇ ಸಾಲಿಗೆ ಪೆನ್ನಿನಿಂದ ಗುರುತು ಹಾಕಿದರು, ಅಷ್ಟೇ. ಕರೀಮಸಾಬರು ಹೊಸ ಪೈಪು ಹಾಕಿ, ತಾವೇ ಏರಿಸಿದ್ದ ಸ್ಕ್ರೂ ತಾವೇ ಇಳಿಸುತ್ತಿದ್ದಾಗ ಹಿಂದಿನಿಂದ ಮೆಲ್ಲಗೆ ಮಾತು ಬಂತು.

ಸತ್ಯಮೂರ್ತಿ: ಸಾಬ್ರೇ, ವಡಾಪಾವ್‌ನವನ ಬಾಣಲೆ ಚೊರ್ ಅನ್ನೋದು ಕೇಳಿಸ್ತಾ ಇದೆಯಾ?

ಕರೀಮಸಾಬ: ಕೇಳಸದ ಏನು? ಮುಂಜಾನಿಂದ ಕೇಳಾಕತ್ತೀನಿ.

ಸತ್ಯಮೂರ್ತಿ: ಅವನು ಒಲೆ ಆರಿಸಿ ಆಗಲೇ ಕಾಲು ಗಂಟೆ ಆಯ್ತು.

ಕರೀಮಸಾಬರು ತಿರುಗಿ ನೋಡಿದರು. ವಡಾಪಾವ್‌ನವನು ತಣ್ಣಗಾದ ಬಾಣಲೆಯನ್ನು ಮಗುಚಿ ಹಾಕಿ ಪೇಪರು ಓದುತ್ತಿದ್ದ. ನಲವತ್ತು ವರ್ಷ ಇಂಜಿನ್ನಿಗೆ ಕಿವಿ ಕೊಟ್ಟವರು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ದೊಡ್ಡ ಸಪ್ಪಳವೆಲ್ಲ ಬೀಳುತ್ತಿತ್ತು, ಸಣ್ಣದು ಯಾವಾಗ ಹೋಯಿತೋ ತಿಳಿದಿರಲಿಲ್ಲ. ಮೂರ್ತಿಯವರು ಆ ಬಗ್ಗೆ ಇನ್ನೊಂದು ಮಾತೂ ಆಡದೆ ಗಾಡಿ ತೆಗೆದುಕೊಂಡು ಹೋದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ಏಳೂವರೆಗೆ ಕರೀಮಸಾಬರ ಫೋನು ರಿಂಗಾಯಿತು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ ಎಂದರು ಮೂರ್ತಿಯವರು. ಕಿವಿಯಲ್ಲಿರುವುದನ್ನು ಧಾತ್ರಿ ನೋಡಿದಳಂತೆ. ಸಾಂತಾಕ್ರೂಜ್ ಸಿಗ್ನಲ್ಲಿನಲ್ಲಿ, ಅಪ್ಪಾ, ನಾಲ್ಕು ತಿಂಗಳಿಂದ ಇದನ್ನು ಡಬ್ಬಿಯಲ್ಲೇ ನೋಡುತ್ತಿದ್ದೆ ಎಂದು ಹೇಳಿ ಕಿಟಕಿಯ ಆಚೆ ನೋಡಿದಳಂತೆ. ಕೀಲಿ ಕೇಳಲಿಲ್ಲವಂತೆ.

ಸತ್ಯಮೂರ್ತಿ: ಗುರುವಾರ ಹನ್ನೊಂದಕ್ಕೆ ತಯಾರಾಗಿರಿ. ನನ್ನ ಕಿವಿ ಡಾಕ್ಟರ ಹತ್ರ ನಿಮ್ಮ ಹೆಸರು ಬರೆಸಿ ಬಂದಿದೀನಿ.

ಕರೀಮಸಾಬ: ನನ್ನ ಹೆಸರು ಎದಕ್ಕ? ನಂಗೇನ್ ಆಗೇದ?

ಸತ್ಯಮೂರ್ತಿ: ಅವರೂ ಅದನ್ನೇ ಕೇಳಿದ್ರು, ತೊಂದರೆ ಏನು ಅಂತ. ಸಾಬ್ರು ಎಲ್ಲಾ ಸರಿಯಿದೆ ಅಂತಾರೆ, ಅದೇ ತೊಂದರೆ ಅಂದೆ.

ಕರೀಮಸಾಬರು ಬರುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೂರ್ತಿಯವರು ಫೋನು ಇಟ್ಟುಬಿಟ್ಟರು.