ಅಳಿಸಿ ಬರೆಯುವ ಡಿಸ್ಕಿನ ವ್ಯಾಜ್ಯ

ನಂಜನಗೂಡಿನ ಕೋರ್ಟು ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವಳು ನಾನು. ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ಪ್ರಸಂಗಗಳೇ ಮೆಟ್ಟಿಲು ಹತ್ತಿ ಬರುತ್ತವೆ. ಮೊನ್ನೆ ಹತ್ತಿದವರು ಒಬ್ಬ ವಕೀಲರು, ಅವರ ಹಿಂದೆ ಚಿಕ್ಕಯ್ಯನಛತ್ರದ ಕಡೆಯ ಗೌಡರು. ಪಕ್ಕದ ಜಮೀನಿನವನು ಗೌಡರ ಬದು ಕಡಿಯುವುದು ಮೊಬೈಲಿನಲ್ಲಿ ಸಿಕ್ಕಿತ್ತು. ಮಾರನೇ ದಿನವೇ ಕೋರ್ಟಿನಲ್ಲಿ ಕೇಸಿನ ವಾಯಿದೆ. ವಿಡಿಯೋವನ್ನು ಡಿಸ್ಕಿಗೆ ಹಾಕಿ ಕೊಡದಿದ್ದರೆ ಬದು ಹೋದ ಹಾಗೆಯೇ.

೧. ಪಾಲಾಗದ ಆಸ್ತಿ

ಕೋರ್ಟಿಗೆ ಹೋಗುವ ಡಿಸ್ಕು, ನಿಮ್ಮ ತಂತ್ರಾಂಶ ಕದ್ದದ್ದಲ್ಲ ತಾನೇ ಎಂದು ವಕೀಲರು ಮೊದಲೇ ಕೇಳಿದರು. ನನ್ನಲ್ಲಿರುವುದೆಲ್ಲ ಮುಕ್ತ ತಂತ್ರಾಂಶ, ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು ಎಂದೆ. ಮಾಲೀಕರು ಯಾರು ಎಂದರು ವಕೀಲರು. ಸಾವಿರಾರು ಜನ ಸೇರಿ ಬರೆದದ್ದು, ಎಲ್ಲರದೂ ಎಂದೆ. ಪಾರ್ಟಿಷನ್ ಕೇಸುಗಳಲ್ಲೇ ತಲೆ ನರೆಸಿಕೊಂಡ ಮನುಷ್ಯ.

"ಹಂಗಾದ್ರೆ ಇನ್ನೂ ಪಾಲಾಗಿಲ್ಲ ಅಂತಾಯ್ತು. ಅಷ್ಟೂ ಜನರ ಒಪ್ಪಿಗೆ ಎಲ್ಲಮ್ಮ?"

ಒಪ್ಪಿಗೆ ಲೈಸೆನ್ಸಿನಲ್ಲೇ ಇದೆ ಎಂದು ತೆರೆದು ತೋರಿಸಿದೆ. ಕುರ್ಚಿ ಎಳೆದುಕೊಂಡು ಕೊನೆಯ ಸಾಲಿನವರೆಗೂ ಓದಿದರು.

"ಎಲ್ಲಾ ಸರಿ, ಹೆಣ್ಣುಮಕ್ಕಳ ಪಾಲಿನ ವಿಚಾರ ಎಲ್ಲೂ ಬಂದೇ ಇಲ್ವಲ್ಲಮ್ಮ."

೨. ಕೆಲವು ದೇಶಗಳಲ್ಲಿ

ಮಾಮೂಲಿ ಡಿಸ್ಕು ಮುಗಿದಿತ್ತು. ಉಳಿದಿದ್ದು ಅಳಿಸಿ ಮತ್ತೆ ಬರೆಯುವಂಥದ್ದು. ಅದಕ್ಕೆ ಬೇಕಾದ ಭಾಗವನ್ನು ತಂತ್ರಾಂಶಕ್ಕೆ ಸೇರಿಸಲು ಹೋದರೆ ಪರದೆ ಮೇಲೆ ಎಚ್ಚರಿಕೆ: ಈ ಬಗೆಯ ಡಿಸ್ಕಿಗೆ ಕೆಲವು ದೇಶಗಳಲ್ಲಿ ಪೇಟೆಂಟ್ ತಕರಾರಿದೆ, ನಿಮ್ಮಲ್ಲಿನ ಕಾನೂನು ವಿಚಾರಿಸಿ. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದೇ ತಪ್ಪಾಯಿತು. ಗೌಡರ ಮುಖ ಇಳಿಯಿತು.

"ನರಸೀಪುರದಲ್ಲಾದ್ರೆ ನಡೀತದಾ ಕಣವ್ವ? ನಮ್ ಭಾವಮೈದ ಅಲ್ಲೇ ಅವ್ನೆ."

ನರಸೀಪುರವೂ ಇದೇ ದೇಶ ಎಂದು ಸಮಾಧಾನ ಮಾಡಿದೆ. ವಕೀಲರು ಪೇಟೆಂಟು ತಮ್ಮ ಲೈನಲ್ಲ ಎಂದರು. ಆದರೂ "ವಿತೌಟ್ ಪ್ರೆಜುಡಿಸ್", ಅಂದರೆ ನಮ್ಮ ಹಕ್ಕಿಗೆ ಧಕ್ಕೆಯಿಲ್ಲದಂತೆ, ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ನನಗೆ ಓಕೆ ಒತ್ತಲು ಬಿಟ್ಟರು.

೩. ಭದ್ರ ಮಾಡಿದ್ದು

ಡಿಸ್ಕು ಕೈಗೆ ಬಂದ ಮೇಲೆ ವಕೀಲರಿಗೆ ಹೊಸ ಚಿಂತೆ. ಅಳಿಸಿ ಬರೆಯುವ ಡಿಸ್ಕು, ವಿಡಿಯೋವನ್ನು ನಾವೇ ತಿದ್ದಿದ್ದೇವೆ ಎಂದು ಎದುರು ಪಾರ್ಟಿ ಅಂದರೆ? ಅದನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಗೌಡರು ಡಿಸ್ಕು ತೆಗೆದುಕೊಂಡು ಹೊರಟರು.

ಮಾರನೇ ದಿನ ಸಂಜೆ ಒಂದು ಚಿಪ್ಪು ಬಾಳೆಹಣ್ಣಿನೊಂದಿಗೆ ಬಂದು ಡಿಸ್ಕು ತೋರಿಸಿದರು. ಹೊಳೆಯುವ ಕಡೆ ರೆವಿನ್ಯೂ ಸ್ಟಾಂಪು, ಅದರ ಮೇಲೆ ಅಡ್ಡಲಾಗಿ ಅವರ ಸೈನು. ಇನ್ನು ಯಾರೂ ತಿದ್ದುವ ಹಾಗಿಲ್ಲವಂತೆ. ಡಿಸ್ಕನ್ನು ಯಂತ್ರ ಓದುವುದೇ ಆ ಹೊಳೆಯುವ ಕಡೆಯಿಂದ. ವಿಡಿಯೋ ಓಡಿತೇ ಎಂದು ಕೇಳಿದೆ.

ಎಲ್ಲಿಯ ಓಟ! ಕೋರ್ಟಿನ ಜಗಲಿಯಲ್ಲಿ ವಕೀಲರು ಲ್ಯಾಪ್‌ಟಾಪಿಗೆ ಹಾಕಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತರಂತೆ. ಅಷ್ಟರಲ್ಲಿ ಬದು ಕಡಿದವನೇ ಬಂದು, ಹೊರತೆಗೆದಿಟ್ಟ ಡಿಸ್ಕನ್ನು ಬಗ್ಗಿ ನೋಡಿದನಂತೆ. ಸ್ಟಾಂಪಿನ ಮೇಲೆ ಸೈನು ಕಂಡದ್ದೇ ಬೆವೆತು, ಇಷ್ಟು ಪಕ್ಕಾ ಆದ ಮೇಲೆ ಇನ್ನೇನು, ಬದು ಕಟ್ಟಿಸಿಕೊಡುತ್ತೇನೆ ಎಂದು ರಾಜಿಗೆ ಒಪ್ಪಿಬಿಟ್ಟನಂತೆ.

ನನಗೆ ನಗು ತಡೆಯಲಾಗಲಿಲ್ಲ. ಗೌಡರು ಮಾತ್ರ ಗಂಭೀರವಾಗಿ ಕೈ ಚಾಚಿದರು.

"ಇನ್ನೊಂದು ಡಿಸ್ಕ್ ಕೊಡವ್ವ. ಈಡಿಯೋ ಏನೂ ಬ್ಯಾಡ, ಖಾಲೀದೇ ಸಾಕು. ಆ ಕಡೆ ಬದೂನೂ ವಸಿ ಒತ್ತುವರಿ ಆಗ್ಯದೆ."