ಮುಂಬಾಗಿಲಿಗೆ ಬಂದ ಹೂವು

ದಿನಾ ಬೆಳಗಿನ ಐದಕ್ಕೆ ಒಲೆಯ ಮೇಲೆ ಕಾಫಿಗಿಟ್ಟು, ಅದು ಕುದಿಯುವಷ್ಟರಲ್ಲಿ ಬೈಬಲಿನ ಒಂದು ಪುಟ ಓದಿ ಮುಗಿಸುವುದು ನನ್ನ ರೂಢಿ. ಮದುವೆಯಾದ ಮರುದಿನದಿಂದ ಒಂದು ದಿನವೂ ತಪ್ಪಿಸಿದವಳಲ್ಲ. ಹೆರಿಗೆ ನೋವು ಬಂದ ದಿನವೂ ಓದಿದ್ದೇನೆ (ಆವತ್ತು ಸ್ವಲ್ಪ ಗಟ್ಟಿಯಾಗಿ). ಅಕ್ಟೋಬರ್ ತಿಂಗಳ ಆ ಸೋಮವಾರ ಸರದಿಯಂತೆ ಹತ್ತು ಆಜ್ಞೆಗಳ ಪುಟ ಬಂತು. ನೆರೆಯವನ ಮನೆಯನ್ನು ಆಶಿಸಬೇಡ, ಅವನ ಎತ್ತನ್ನು ಆಶಿಸಬೇಡ, ಕತ್ತೆಯನ್ನು ಆಶಿಸಬೇಡ. ಬೆರಳಿಟ್ಟು ಎರಡು ಸಲ ಓದಿದೆ. ಹೂವಿನ ಸುದ್ದಿಯೇ ಇರಲಿಲ್ಲ! ಕೊನೆಯಲ್ಲಿ ‘ನೆರೆಯವನ ಮತ್ತಾವುದನ್ನೂ’ ಅಂತ ಏನೋ ಶುರುವಾಗುತ್ತಿತ್ತು. ಅಷ್ಟರಲ್ಲಿ ಕಾಫಿ ಉಕ್ಕಿತು.

ನನ್ನ ಸಂಕಟ ಹೂವಿನದೇ. ನನ್ನ ಓರಗಿತ್ತಿ ಬರ್ನಡೀನ್‌ಗೆ, ಅಂದರೆ ನನ್ನ ಗಂಡನ ತಮ್ಮ ವೆಂಡಲನ ಹೆಂಡತಿಗೆ, ಇಪ್ಪತ್ತೆರಡು ವರ್ಷಗಳಿಂದ ಮದುವೆಯ ದಿನದ ವಾರ ತಪ್ಪದೆ ಹೂ ಬರುತ್ತದೆ. ಬರುವುದಲ್ಲ ದೊಡ್ಡದು, ಚರ್ಚಿನ ಹೆಂಗಸರೆಲ್ಲ ಸೇರಿ ಕೌದಿ ಹೊಲೆಯುವ ಗುರುವಾರ ಅವಳ ಮನೆಯಲ್ಲಿದ್ದಾಗಲೇ ಬರುತ್ತದೆ. “ಅಯ್ಯೋ ಈ ವೆಂಡಲ್! ಬೇಡ ಅಂದ್ರೂ ಕೇಳೋದಿಲ್ಲ” ಅನ್ನುತ್ತಾ ಅವಳು ಆ ಹೂದಾನಿಯನ್ನು ಎಂಟು ಜನರ ಮೂಗಿನ ಕೆಳಗೂ ಒಂದೊಂದು ನಿಮಿಷ ಹಿಡಿಯುತ್ತಾಳೆ. ನಾವು ಒಬ್ಬೊಬ್ಬರೂ ಮೂಸಿ, ಹೊಗಳಿ, ಮನೆಗೆ ಹೋಗಿ ಗಂಡಂದಿರ ಮುಂದೆ ಪಾತ್ರೆ ಕುಕ್ಕುತ್ತೇವೆ.

ನನ್ನ ಗಂಡ ಡೆಲ್ಮರ್ ಒಳ್ಳೆಯವನು. ಒಳ್ಳೆಯತನವನ್ನು ತೋರಿಸಬೇಕು ಅನ್ನುವುದಷ್ಟೇ ಅವನಿಗೆ ಗೊತ್ತಿಲ್ಲ.

“ಈ ಗುರುವಾರಕ್ಕೆ ನಮ್ಮ ಮದುವೆಯಾಗಿ ನಲವತ್ತು ವರ್ಷ,” ಅಂದೆ ಆವತ್ತು ತಿಂಡಿಯ ಹೊತ್ತಿಗೆ.

“ಆಗ್ಲೇನಾ? ಗುರುವಾರ ಮಳೆ ಅಂದ್ನಾ ರೇಡಿಯೋದವ್ನು?”

“ವೆಂಡಲ್ ಪ್ರತಿ ವರ್ಷ ಬರ್ನಡೀನ್‌ಗೆ ಹೂ ಕಳಿಸ್ತಾನೆ.”

“ಅವನ ಹೊಲದಲ್ಲಿ ಕಳೆ ನೋಡಿದೀಯಾ? ಹೂ ಕಳಿಸೋನ ಹೊಲ ಹಾಗೇ ಇರುತ್ತೆ.”

“ಜನ್ಮದಲ್ಲಿ ಒಂದೇ ಒಂದು ಸಲ, ಡೆಲ್ಮರ್...”

“ಜುಲೈನಲ್ಲಿ ಮುನ್ನೂರು ಎಕರೆ ಸೋಯಾ ಹೂಬಿಟ್ಟಿತ್ತು. ಅಷ್ಟೂ ನಿಂದೇ ಕಣೇ. ಒಂದಿನ ನೋಡೋಕ್ ಬಂದ್ಯಾ?”

ಈ ಮಹಾದಾನವನ್ನು ಘೋಷಿಸಿ ಅವನು ಕಟಾವು ಮಷಿನ್ ಹತ್ತಿ ಮೆಕ್ಕೆಜೋಳದ ಹೊಲಕ್ಕೆ ಹೊರಟುಹೋದ. ಅವನು ಎಬ್ಬಿಸಿದ ಧೂಳಿನಲ್ಲಿ ನಿಂತಿದ್ದಾಗ ನನಗೆ ಜ್ಞಾನೋದಯವಾಯಿತು. ಈ ಗುರುವಾರ ಕೌದಿ ಹೊಲೆಯುವವರು ಸೇರುವುದು ನಮ್ಮ ಮನೆಯಲ್ಲಿ! ಹೂವನ್ನು ನಾನೇ ತರಿಸಿಕೊಂಡರೆ ಯಾರಿಗೆ ಗೊತ್ತಾಗಬೇಕು?

ನಾನೂರು ಜನರ ನಮ್ಮೂರಿನಲ್ಲಿ ಹೂವಿನ ಅಂಗಡಿಯಿಲ್ಲ, ಅದು ದೇವರ ದಯೆ. ಮೂವತ್ತು ಮೈಲಿ ಆಚೆಯ ಪೇಟೆಯ ಅಂಗಡಿಗೆ ಫೋನ್ ಮಾಡಿದೆ. ಅರವತ್ತೆರಡರ ಹೆಂಗಸು ನಾನು, ಹದಿನಾರರ ಹುಡುಗಿಯ ಹಾಗೆ ಬಾಗಿಲ ಕಡೆ ನೋಡುತ್ತಾ ಮಾತಾಡಿದೆ.

“ದೊಡ್ಡದಾಗಿರಲಿ. ಕಿಟಕಿಯಿಂದ ನೋಡಿದ್ರೆ ಕಾಣ್ಬೇಕು,” ಅಂದೆ.

“ಅಷ್ಟು ದೊಡ್ಡದು ಅಂದ್ರೆ ಮೂರು ಕಾಲಿನ ಸ್ಟ್ಯಾಂಡ್ ಮೇಲೇ ಕಟ್ಬೇಕಮ್ಮ. ಯಾವ ಬಣ್ಣ?”

“ಬಿಳಿ. ದೂರಕ್ಕೆ ಕಾಣುತ್ತೆ.”

“ಚೀಟಿ ಮೇಲೆ ಏನು ಬರೀಲಿ?”

“‘ನಲವತ್ತು ವರ್ಷಗಳ ಪ್ರೀತಿಗೆ’ ಅಂತ.”

“ಯಾರ ಹೆಸರು?”

ಇಲ್ಲಿ ನಾನು ಸಿಕ್ಕಿಬಿದ್ದೆ. ಡೆಲ್ಮರ್ ಅಂದರೆ ಸುಳ್ಳಾಗುತ್ತದೆ, ಯೂನಿಸ್ ಅಂತ ನನ್ನ ಹೆಸರು ಹೇಳಿದರೆ ಮಾನ ಹೋಗುತ್ತದೆ. ಸುಳ್ಳು ಹೇಳುವುದು ಪಾಪ, ಸುಮ್ಮನಿರುವುದು ಪಾಪವೆಂದು ಎಲ್ಲೂ ಓದಿದ ನೆನಪಿಲ್ಲ. “ಹೆಸರು ಬೇಡ,” ಅಂದೆ, ಪಿಸುದನಿಯಲ್ಲಿ. ಅಂಗಡಿಯವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. “ಪರವಾಗಿಲ್ಲಮ್ಮ, ಧೈರ್ಯ ತಂದ್ಕೊಳ್ಳಿ. ದೇವರಿದ್ದಾನೆ,” ಅಂದಳು. ಎಂಥ ಭಕ್ತೆ, ಎಂಥ ಒಳ್ಳೆಯ ಹೆಂಗಸು ಅಂದುಕೊಂಡೆ.

ಗುರುವಾರ ಬಂತು. ಕೌದಿಯ ಚೌಕಟ್ಟನ್ನು ಎಂಟೂ ಜನರಿಗೆ ಕಿಟಕಿ ಕಾಣುವ ಹಾಗೆ ತಿರುಗಿಸಿಟ್ಟಿದ್ದೆ. ಒಂದೂವರೆಯಿಂದ ನನ್ನ ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು. ಸರಿಯಾಗಿ ಎರಡಕ್ಕೆ ಬಿಳಿಯ ವ್ಯಾನು ನಮ್ಮ ಅಂಗಳಕ್ಕೆ ತಿರುಗಿತು. ಮೈಯೆಲ್ಲ ಜುಮ್ಮೆಂದಿತು! ವಯಸ್ಸಾದ ಡ್ರೈವರ್ ಇಳಿದು, ಆಳೆತ್ತರದ ಬಿಳಿ ಹೂವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. (ಆ ಸ್ಟ್ಯಾಂಡನ್ನು ಅವನು ಬದುಕಿದ್ದವರ ಮನೆಗೆ ಎಂದೂ ಒಯ್ದಿರಲಿಲ್ಲವಂತೆ. ಕೈ ತಾನಾಗಿ ಟೋಪಿಗೆ ಹೋಯಿತಂತೆ.)

ಆ ಪುಣ್ಯಾತ್ಮ ನಿಂತದ್ದು ಮುಂಬಾಗಿಲಲ್ಲಿ. ನಮ್ಮ ಕಡೆ ಮನುಷ್ಯರಾದವರು ಹಿಂಬಾಗಿಲಿಂದ, ಅಡುಗೆಮನೆಗೇ ಬರುತ್ತಾರೆ. ಮುಂಬಾಗಿಲು ಪಾಸ್ಟರಿಗೆ ಮತ್ತು ಹೆಣಕ್ಕೆ. ನಮ್ಮ ಮುಂಬಾಗಿಲು ಬಣ್ಣ ಹೊಡೆದಾಗ ಅಂಟಿಕೊಂಡಿದ್ದು ಒಂಬತ್ತು ವರ್ಷಗಳಿಂದ ತೆರೆದಿರಲಿಲ್ಲ. ನಾನು ಒಳಗಿನಿಂದ ಎಳೆದೆ, ಅವನು ಹೊರಗಿನಿಂದ ನೂಕಿದ. ಆನಂದಕ್ಕೆ ಕಣ್ಣಲ್ಲಿ ನೀರು ಬೇರೆ. ಹತ್ತು ನಿಮಿಷದ ಮೇಲೆ ಬಾಗಿಲು ಕಿರ್ರೆಂದು ತೆರೆಯಿತು.

ನಡುಮನೆಯಲ್ಲಿ ಆ ಹತ್ತು ನಿಮಿಷ ಏನು ನಡೆಯಿತೆಂದರೆ, ಎಂಬತ್ತರ ಆರ್ಡಿಸಮ್ಮ ಕಿಟಕಿಯಿಂದ ನೋಡಿದಳು: ಸ್ಟ್ಯಾಂಡಿನ ಮೇಲೆ ಬಿಳಿ ಹೂ, ಟೋಪಿ ತೆಗೆದ ಗಂಡಸು, ಮುಂಬಾಗಿಲು, ಅಳುತ್ತಿರುವ ಯೂನಿಸ್, ಬೆಳಗಿನಿಂದ ಮಷಿನ್ ಮೇಲಿರುವ ಡೆಲ್ಮರ್. ಅವಳು ಎದ್ದು ಅಡುಗೆಮನೆಯ ಫೋನ್ ಹಿಡಿದಳು. ನಮ್ಮ ಚರ್ಚಿನ ಪ್ರಾರ್ಥನಾ ಸರಪಳಿಗೆ ಅವಳೇ ಮೊದಲ ಕೊಂಡಿ. ಅವಳು ಇಬ್ಬರಿಗೆ ಹೇಳಬೇಕು, ಆ ಇಬ್ಬರು ನಾಲ್ವರಿಗೆ. ದೇವರಿಗಿಂತ ಮೊದಲು ಊರಿಗೆ ಮುಟ್ಟುತ್ತದೆ.

ನಾನು ಹೂ ಹಿಡಿದು ವಿಜಯೋತ್ಸವದಲ್ಲಿ ಒಳಗೆ ಬಂದರೆ ಎಲ್ಲರೂ ಎದ್ದು ನಿಂತಿದ್ದರು. ಎಂಥ ಮರ್ಯಾದೆ! ಬರ್ನಡೀನ್ ಓಡಿ ಬಂದು ನನ್ನನ್ನು ತಬ್ಬಿಕೊಂಡಳು.

“ಅತ್ತುಬಿಡು, ಯೂನಿಸ್! ಒಳಗೇ ಇಟ್ಕೋಬೇಡ!”

“ಯಾಕಳಲಿ ಮಾರಾಯ್ತಿ?” ಅಂದೆ. “ನಲವತ್ತು ವರ್ಷದಿಂದ ಈ ದಿನಕ್ಕೆ ಕಾಯ್ತಾ ಇದ್ದೆ!”

ಯಾರದೋ ಕತ್ತರಿ ಕೆಳಗೆ ಬಿತ್ತು.

ನನಗೆ ವಿಷಯ ತಿಳಿಯುವಷ್ಟರಲ್ಲಿ ತಡವಾಗಿತ್ತು. ಪಾಸ್ಟರ್ ಹಾಲ್ವರ್ಸನ್ ಬಂದರು (ಮುಂಬಾಗಿಲಿಂದ). ಅವರ ಹಿಂದೆಯೇ ಸಾವಿನ ಮನೆಗೆ ಒಯ್ಯುವ ಬಿಸಿ ಬಿಸಿ ಅಡುಗೆಯ ಪಾತ್ರೆಗಳು ಬಂದವು: ಆಲೂಗಡ್ಡೆ, ಮಾಂಸ, ಮೇಲೆ ಚೀಸು. ಪಾತ್ರೆ ವಾಪಸು ಬರಲೆಂದು ಪ್ರತಿಯೊಂದರ ತಳದಲ್ಲೂ ಹೆಸರು ಅಂಟಿಸಿದ್ದರು. “ಅಯ್ಯೋ, ಅವನು ಸತ್ತಿಲ್ಲ!” ಅಂತ ನಾನು ಕೂಗಿಕೊಂಡೆ. “ಮೊದಮೊದಲು ಹಾಗೇ ಅನ್ಸುತ್ತೆ, ಮಗಳೇ,” ಅಂತ ಆರ್ಡಿಸಮ್ಮ ನನ್ನ ಬೆನ್ನು ಸವರಿದಳು.

ಆಗ ಹಿಂಬಾಗಿಲು ದಡಾರನೆ ತೆರೆಯಿತು. ಒಳಬಂದವನು ಡೆಲ್ಮರ್.

“ಯೂನಿಸ್! ಆರು ಮಷಿನ್ ತಗೊಂಡ್ ಬಂದು ನನ್ ಜೋಳ ಕೊಯ್ತಾ ಇದ್ದಾರೆ ಕಣೇ! ವೆಂಡಲ್ ನನ್ನ ನೋಡಿ ಕಿಟಾರ್ ಅಂತ ಕಿರುಚಿದ!”

ಸುಗ್ಗಿಯಲ್ಲಿ ರೈತ ಸತ್ತರೆ ಅವನ ಬೆಳೆಯನ್ನು ಊರವರೇ ಕೊಯ್ದು ತುಂಬಿಕೊಡುವುದು ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಬಂದ ಧರ್ಮ. ಅದನ್ನು ಬದುಕಿರುವವನಿಗೆ ಹೇಗೆ ಹೇಳುವುದು? ಡೆಲ್ಮರ್ ಸುತ್ತ ನೋಡಿದ. ಪಾತ್ರೆಗಳು ಕಂಡವು. ಒಂದರಿಂದ ಬಡಿಸಿಕೊಂಡು ಎರಡು ತುತ್ತು ತಿಂದ.

“ಚೆನ್ನಾಗಿದೆ. ಯಾರು ಸತ್ರು?”

ಪಾಸ್ಟರ್ ಕೆಮ್ಮಿದರು. “ನೀನೇ, ಡೆಲ್ಮರ್.”

“ಹೌದಾ? ಎಷ್ಟೊತ್ತಿಗೆ?”

“ಸುಮಾರು ಎರಡಕ್ಕೆ.”

ಅವನು ಯೋಚಿಸಿದ. “ಇಲ್ಲ, ಎರಡಕ್ಕೆ ನಾನು ಬೆಲ್ಟ್ ಬಿಗಿ ಮಾಡ್ತಿದ್ದೆ.”

ಬರ್ನಡೀನ್ ಹೂವಿನ ಕಡೆ ಬೆರಳು ಮಾಡಿದಳು. “ಹಾಗಾದ್ರೆ ಇದು?” ಆರ್ಡಿಸಮ್ಮ ಕನ್ನಡಕ ಏರಿಸಿ ಚೀಟಿ ಓದಿದಳು: “‘ನಲವತ್ತು ವರ್ಷಗಳ ಪ್ರೀತಿಗೆ’. ಹೆಸರಿಲ್ಲ. ಓ! ಮದುವೆ ದಿನಕ್ಕೆ ನೀನು ಕಳಿಸಿದ್ಯಾ, ಡೆಲ್ಮರ್?”

ನಾನು ಕಣ್ಣಲ್ಲೇ ಅವನಿಗೆ ಕೈಮುಗಿದೆ. ಹ್ಞೂಂ ಅನ್ನು, ಹ್ಞೂಂ ಅನ್ನು! ನಲವತ್ತು ವರ್ಷದಲ್ಲಿ ಒಂದು ಸಲವೂ ಸುಳ್ಳಾಡದ ನನ್ನ ಗಂಡ ತುತ್ತು ನುಂಗಿ ಹೇಳಿದ: “ನಾನ್ಯಾಕೆ ಕಳಿಸ್ಲಿ?”

ಎಂಟು ಜೊತೆ ಕಣ್ಣುಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ಪಾಸ್ಟರ್ ಸೂರು ನೋಡತೊಡಗಿದರು. ಒಂದು ಗಂಟೆ ಕಾಲ ವಿಧವೆಯಾಗಿದ್ದವಳು ಒಂದು ನಿಮಿಷದಲ್ಲಿ ಜಾರಿಣಿಯಾದೆ. ಅಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ; ಆದರೆ ಆರ್ಡಿಸಮ್ಮನ ಕೈ ಮತ್ತೆ ಫೋನಿನ ಕಡೆ ಹೊರಟಿತ್ತು.

“ನಾನೇ! ನಾನೇ ತರಿಸ್ಕೊಂಡಿದ್ದು! ನನಗೂ ಒಂದು ಸಲ ಹೂ ಬರ್ಲಿ ಅಂತ ಆಸೆಯಾಯ್ತು!”

ಮೊದಲು ನಕ್ಕವಳು ಯಾರೋ ಗೊತ್ತಿಲ್ಲ. ಆಮೇಲೆ ನಗದೇ ಇದ್ದವರು ಯಾರೆಂದರೆ ನಾನು ಮತ್ತು ಡೆಲ್ಮರ್. ಅವನು ಹೂವಿನ ಸುತ್ತ ಒಂದು ಸುತ್ತು ಬಂದು, ಹೊಸ ಟ್ರ್ಯಾಕ್ಟರ್ ನೋಡುವ ಹಾಗೆ ನೋಡಿದ. “ಭರ್ಜರಿಯಾಗಿದೆ. ನಾನು ಕಳಿಸಿದ್ರೆ ಇಷ್ಟು ದೊಡ್ಡದು ಬರ್ತಿರ್ಲಿಲ್ಲ ಬಿಡು.” ಆಮೇಲೆ ಕಿಟಕಿಯಾಚೆ ನೋಡಿದ. ನಾಲ್ಕು ದಿನದ ಕೊಯ್ಲು ಸಂಜೆಯೊಳಗೆ ಮುಗಿಯುವ ಹಾಗಿತ್ತು. “ಯೂನಿಸ್, ಬರೋ ವರ್ಷಾನೂ ತರಿಸ್ಕೋ. ಈ ಹೊತ್ತಿಗೇ ಹೇಳು, ಅಕ್ಟೋಬರ್ ಎರಡನೇ ವಾರ.”

ನಾನು ಅಡುಗೆಮನೆಗೆ ಓಡಿದೆ. ಬರ್ನಡೀನ್ ಹಿಂದೆಯೇ ಬಂದಳು. ಹಂಗಿಸಲಿಕ್ಕೆ ಬಂದಳು ಅಂತ ಬೆನ್ನು ತಿರುಗಿಸಿ ನಿಂತೆ. ಅವಳು ನಲ್ಲಿಯನ್ನು ಜೋರಾಗಿ ಬಿಟ್ಟು, ನನ್ನ ಕಿವಿಯ ಹತ್ತಿರ ಬಂದಳು. (ಊರಿನವರೆಲ್ಲ ಗುಟ್ಟು ಹೇಳಲು ನನ್ನ ಹತ್ತಿರವೇ ಬರುತ್ತಾರೆ, ನಾನು ಯಾರಿಗೂ ಹೇಳುವುದಿಲ್ಲ. ನೀವು ನಮ್ಮೂರಿನವರಲ್ಲ ಅನ್ನುವ ಧೈರ್ಯದ ಮೇಲೆ ಇದು.)

“ನೀನ್ಯಾಕೆ ಹೆಸರು ಹಾಕ್ಲಿಲ್ಲ, ಪೆದ್ದಿ? ಹೆಸರು ಹಾಕ್ಬೇಕು! ನಾನು ಎಡಗೈಲಿ ಬರೆದು ಅಂಗಡಿಗೆ ಕಳಿಸ್ತೀನಿ, ಥೇಟ್ ವೆಂಡಲನ ಅಕ್ಷರ.”

“ನೀನು...?”

“ಇಪ್ಪತ್ತೆರಡು ವರ್ಷ. ಒಂದೊಂದು ದಳಾನೂ ನಾನೇ ತರಿಸಿದ್ದು. ಈಗೀಗ ವೆಂಡಲ್‌ಗೂ ತಾನೇ ಕಳಿಸ್ತೀನಿ ಅಂತ ನಂಬಿಕೆ ಬಂದುಬಿಟ್ಟಿದೆ. ಹೋದ ವರ್ಷ ‘ಗುಲಾಬಿ ಇಷ್ಟ ಆಯ್ತಾ?’ ಅಂತ ನನ್ನೇ ಕೇಳಿದ!” ಅವಳು ಅಂಗಿಯ ತೋಳಿಗೇ ಕಣ್ಣೊರೆಸಿಕೊಂಡಳು, ನಗುವೋ ಅಳುವೋ ತಿಳಿಯಲಿಲ್ಲ. “ನೋಡು, ಬರೋ ವರ್ಷ ನಿಂದೂ ನಾನೇ ಹೇಳ್ತೀನಿ. ಡೆಲ್ಮರನ ಅಕ್ಷರ ಎರಡು ದಿನದಲ್ಲಿ ಕಲ್ತುಬಿಡ್ತೀನಿ. ಒಂದು ನರಪಿಳ್ಳೆಗೂ ಗೊತ್ತಾಗಲ್ಲ.”

ಒಳಗಿನಿಂದ ಡೆಲ್ಮರನ ದನಿ ಕೇಳುತ್ತಿತ್ತು. ಮೂರನೇ ತಟ್ಟೆ ಹಿಡಿದು, ತಾನು ಸತ್ತ ಕತೆಯನ್ನು ಹೊಲದಿಂದ ಬಂದವರಿಗೆಲ್ಲ ಹೇಳುತ್ತಿದ್ದ.

“ಬೇಡ ಬರ್ನಡೀನ್,” ಅಂದೆ. “ನಿನ್ನ ಉಪಕಾರ ಮರೆಯೋಲ್ಲ. ಆದ್ರೆ ಈ ಮನೆಗೆ ಇನ್ನೊಂದು ಸಲ ಹೂ ಬಂದ್ರೆ, ನಮ್ಮೂರವರು ವಿಚಾರಿಸೋಕೆ ಹೋಗಲ್ಲ. ಅವನನ್ನ ನೇರವಾಗಿ ಹೂತುಬಿಡ್ತಾರೆ.”